ಎದುರು ನೋಡುವ ಮಾತು: ಇಂಗ್ಲಿಷ್‌ನಲ್ಲಿ ಯಾವುದು ಸರಿ, ಐರಿಷ್‌ನಲ್ಲಿ ಯಾವುದು ಸರಿ

ಜೂನ್ ತಿಂಗಳ ಕೊನೆಯ ವಾರ. ಡಬ್ಲಿನ್‌ನಲ್ಲಿ ಆಗ ರಾತ್ರಿ ಹತ್ತಾದರೂ ಪೂರ್ತಿ ಕತ್ತಲಾಗುವುದಿಲ್ಲ. ಮಗಳು ಅಡುಗೆಮನೆಯ ಮೇಜಿಗೆ ಮೊಣಕೈ ಊರಿಕೊಂಡು ಟೀಚರ್‌ಗೆ ಕಾರ್ಡ್ ಬರೆಯುತ್ತಿದ್ದಳು. ಇನ್ನೊಂದು ದಿನ ಕಳೆದರೆ ಬೇಸಿಗೆ ರಜೆ. ಮುಂದಿನ ವರ್ಷವೂ ಅವರೇ ಟೀಚರ್. "ಅಮ್ಮಾ, ನಿಮ್ಮನ್ನ ಮತ್ತೆ ನೋಡೋದನ್ನೇ ಎದುರು ನೋಡ್ತಿರ್ತೀನಿ ಅಂತ ಐರಿಷ್‌ನಲ್ಲೇ ಬರೀತೀನಿ" ಅಂದಳು. ಬರೆದಳು ಕೂಡ.

ಬೆಳಗ್ಗೆ ಸ್ಕೂಲಿಗೆ ಹೊರಟಾಗ ಕಾರ್ಡನ್ನು ಪಕ್ಕದ ಮನೆಯ ಅಜ್ಜಿಗೆ ತೋರಿಸಿದಳು. ಅಜ್ಜಿ ಐರ್ಲೆಂಡಿನ ಕೆರಿ ಅನ್ನುವ ಜಿಲ್ಲೆಯ ಕಡೆಯವರು, ಮನೆಯಲ್ಲಿ ಐರಿಷ್ ಮಾತಾಡಿಕೊಂಡೇ ಬೆಳೆದವರು. ಕಾರ್ಡನ್ನು ಕಣ್ಣಿನ ಹತ್ತಿರ ಹಿಡಿದು ಓದಿದರು. ಒಂದು ಪದದ ಮೇಲೆ ಬೆರಳಿಟ್ಟರು. "ಎಲ್ಲಾ ಚೆನ್ನಾಗಿದೆ ಮಗೂ. ಆದರೆ ಇಲ್ಲಿ ಒಂದು ಅಕ್ಷರ ಹಿಂದೆ ಮುಂದೆ ಆಗಿದೆ. ನೀನು ಎದುರು ನೋಡ್ತಾ ಇಲ್ಲ, ನಡೀತಾ ಇದ್ದೀಯ" ಅಂದರು.

ಆ ಅಕ್ಷರದ ವಿಷಯಕ್ಕೆ ಆಮೇಲೆ ಬರುತ್ತೇನೆ. ಮೊದಲು ಇಂಗ್ಲಿಷ್ ತಿಳಿಯಾಗಬೇಕು. ಐರ್ಲೆಂಡಿಗೆ ಬಂದ ನಮ್ಮಂಥವರು ಐರಿಷ್ ಕಲಿಯುವುದು ಇಂಗ್ಲಿಷ್ ಮೂಲಕವೇ. ಇಂಗ್ಲಿಷ್ ಸಾಲಿನಲ್ಲಿ ನಾವು ಏನು ಹೇಳುತ್ತಿದ್ದೇವೆ ಅನ್ನುವುದೇ ಸರಿಯಾಗಿ ಗೊತ್ತಿಲ್ಲದಿದ್ದರೆ ಐರಿಷ್ ಸಾಲು ಇನ್ನೂ ದೂರ ಹೋಗುತ್ತದೆ. ನನಗೆ ಎರಡೂ ಕಡೆ ದಾರಿ ತೋರಿಸಿದ್ದು ಕನ್ನಡ. "ಎದುರು ನೋಡು", "ಹಂಬಲಿಸು", "ಕಾಯು", "ಆಸೆ ಇದೆ". ಈ ನಾಲ್ಕರಲ್ಲಿ ನಿಮ್ಮ ಮನಸ್ಸಿನಲ್ಲಿರುವುದು ಯಾವುದು ಅಂತ ಮೊದಲು ಕೇಳಿಕೊಳ್ಳಿ. ಆಮೇಲೆ ಇಂಗ್ಲಿಷ್ ಆರಿಸುವುದು ಸುಲಭ, ಐರಿಷ್ ಆರಿಸುವುದು ಇನ್ನೂ ಸುಲಭ.

ಹಿಯರ್ ಅಲ್ಲ, ಹಿಯರಿಂಗ್

ಮೇಲ್‌ನ ಕೊನೆಯ ಸಾಲಿನಲ್ಲಿ ನಮ್ಮವರು ಅತಿ ಹೆಚ್ಚು ಮಾಡುವ ತಪ್ಪು ಇದು: "ಐ ಲುಕ್ ಫಾರ್ವರ್ಡ್ ಟು ಹಿಯರ್ ಫ್ರಮ್ ಯೂ". ಸರಿಯಾದದ್ದು "ಐ ಲುಕ್ ಫಾರ್ವರ್ಡ್ ಟು ಹಿಯರಿಂಗ್ ಫ್ರಮ್ ಯೂ". ಶಾಲೆಯಲ್ಲಿ "ಟು" ಬಂದರೆ ಮುಂದೆ ಕ್ರಿಯಾಪದದ ಮೂಲರೂಪ ಅಂತ ಕಲಿಸಿರುತ್ತಾರೆ. ಟು ಗೋ, ಟು ಈಟ್, ಟು ಸೀ. ಇಲ್ಲಿರುವ "ಟು" ಆ ಜಾತಿಯದ್ದಲ್ಲ. ಇದು ಹೆಸರಿಗೆ ಜೋಡಿಯಾಗಿ ಬರುವ "ಟು". ಹಾಗಾಗಿ ಇದಾದಮೇಲೆ ಹೆಸರು ಬರಬೇಕು, ಇಲ್ಲವೇ ಹೆಸರಿನ ಹಾಗೆ ನಡೆದುಕೊಳ್ಳುವ "ಇಂಗ್" ರೂಪ ಬರಬೇಕು.

ಇದನ್ನು ನೆನಪಿಟ್ಟುಕೊಳ್ಳಲು ವ್ಯಾಕರಣ ಬೇಡ, ಕನ್ನಡ ಸಾಕು. "ನಿಮ್ಮ ಉತ್ತರ ಬರುವುದನ್ನು ಎದುರು ನೋಡುತ್ತಿದ್ದೇನೆ" ಅನ್ನುತ್ತೇವೆ. "ನಿಮ್ಮ ಉತ್ತರ ಬರಲು ಎದುರು ನೋಡುತ್ತಿದ್ದೇನೆ" ಅಂತ ಯಾರೂ ಹೇಳುವುದಿಲ್ಲ, ಕಿವಿಗೇ ಒಗ್ಗುವುದಿಲ್ಲ. "ಎದುರು ನೋಡು" ಯಾವಾಗಲೂ "ವುದನ್ನು" ಕೇಳುತ್ತದೆ. ಆ "ವುದನ್ನು" ಇದ್ದ ಕಡೆ ಇಂಗ್ಲಿಷ್‌ನಲ್ಲಿ "ಇಂಗ್" ಇಡಿ. ಇನ್ನು "ನಿಮ್ಮನ್ನು ನೋಡಲು ಕಾಯುತ್ತಿದ್ದೇನೆ" ಅಂದಾಗ "ಲು" ಬರುತ್ತದೆ, ಅಲ್ವಾ? ಅದು ಬೇರೆ ಮಾತು. ಅದಕ್ಕೆ ಇಂಗ್ಲಿಷ್‌ನಲ್ಲಿ "ಐ ಕಾಂಟ್ ವೇಟ್ ಟು ಸೀ ಯೂ". ಅಲ್ಲಿ "ಟು ಸೀ" ಸರಿ. ನಮ್ಮ ತಲೆಯಲ್ಲಿ "ಕಾಯು" ಇರುತ್ತದೆ, ಕೈ "ಲುಕ್ ಫಾರ್ವರ್ಡ್" ಅಂತ ಬರೆಯುತ್ತದೆ. ತಪ್ಪು ಹುಟ್ಟುವುದು ಈ ಜಾಗದಲ್ಲೇ ಅಂತ ನನಗೆ ಅನ್ನಿಸುತ್ತದೆ.

ಇನ್ನೂ ಅನುಮಾನ ಇದ್ದರೆ "ಟು" ಆದಮೇಲೆ "ಇಟ್" ಹಾಕಿ ನೋಡಿ. "ಐ ಲುಕ್ ಫಾರ್ವರ್ಡ್ ಟು ಇಟ್" ಸರಿಯಾಗಿ ಕೂರುತ್ತದೆ. "ಐ ವಾಂಟ್ ಟು ಇಟ್" ಕೂರುವುದಿಲ್ಲ. "ಇಟ್" ಕೂತರೆ "ಇಂಗ್" ಬರುತ್ತದೆ. "ಐ ಆಮ್ ಯೂಸ್ಡ್ ಟು ಡ್ರೈವಿಂಗ್ ಇನ್ ದ ರೈನ್" ಅನ್ನುವುದಕ್ಕೂ ಇದೇ ಲೆಕ್ಕ.

"ಐ ಲುಕ್" ಅನ್ನಬೇಕಾ, "ಐ ಆಮ್ ಲುಕಿಂಗ್" ಅನ್ನಬೇಕಾ? ಎರಡೂ ಸರಿ. ಮೊದಲನೆಯದು ಅರ್ಜಿ, ಕಚೇರಿ ಪತ್ರ, ಗುರುತಿಲ್ಲದವರಿಗೆ. ಎರಡನೆಯದರಲ್ಲಿ ಸ್ವಲ್ಪ ಬೆಚ್ಚಗಿನ ದನಿ ಇದೆ. "ಐ" ಬಿಟ್ಟು ಬರೀ "ಲುಕಿಂಗ್ ಫಾರ್ವರ್ಡ್ ಟು ಸ್ಯಾಟರ್ಡೇ" ಅಂದರೆ ಅದು ಗೆಳೆಯರಿಗೆ ಕಳಿಸುವ ಮೆಸೇಜು. ಕೆಲಸದ ಅರ್ಜಿಯಲ್ಲಿ ನಾನಂತೂ ಅದನ್ನು ಬಳಸುವುದಿಲ್ಲ.

ಒಂದು ಎಚ್ಚರಿಕೆ. "ಲುಕ್ ಫಾರ್ವರ್ಡ್" ಸಂತೋಷದ ವಿಷಯಕ್ಕೆ ಮಾತ್ರ. ಗೆಳತಿಯ ಅಪ್ಪನಿಗೆ ಆಪರೇಷನ್ ಅಂದರೆ "ಲುಕಿಂಗ್ ಫಾರ್ವರ್ಡ್ ಟು ದ ಸರ್ಜರಿ" ಅಂತ ಬರೆಯಬಾರದು. ಅವರು ಗುಣವಾಗಿ ಮನೆಗೆ ಬರುವುದನ್ನು ಎದುರು ನೋಡಬಹುದು, ಆಪರೇಷನ್ನನ್ನಲ್ಲ.

ಎಕ್ಸ್‌ಪೆಕ್ಟ್, ಆಂಟಿಸಿಪೇಟ್, ಅವೇಟ್

ಬಂದ ಮೊದಲ ವರ್ಷ ಬಾಡಿಗೆ ಮನೆಗೆ ಹುಡುಕುವಾಗ ಒಬ್ಬರಿಗೆ "ಐ ಆಮ್ ಎಕ್ಸ್‌ಪೆಕ್ಟಿಂಗ್ ಯುವರ್ ರಿಪ್ಲೈ ಟುಡೇ" ಅಂತ ಬರೆದಿದ್ದೆ. "ನಿಮ್ಮ ಉತ್ತರವನ್ನು ನಿರೀಕ್ಷಿಸುತ್ತೇನೆ" ಅನ್ನುವ ಮರ್ಯಾದೆಯ ಮಾತು ಅಂತಲೇ ನನ್ನ ನಂಬಿಕೆ. ಅದನ್ನು ಓದಿದ ಇಲ್ಲಿನ ಗೆಳತಿಯೊಬ್ಬಳು, "ಇವತ್ತೇ ಉತ್ತರ ಕೊಡಲೇಬೇಕು ಅಂತ ಗದರಿಸಿದ ಹಾಗಿದೆ" ಅಂದಳು. ಕನ್ನಡದ "ನಿರೀಕ್ಷೆ" ಮೆತ್ತಗಿನ ಪದ. ಇಂಗ್ಲಿಷ್‌ನ "ಎಕ್ಸ್‌ಪೆಕ್ಟ್"ನಲ್ಲಿ "ಬಂದೇ ಬರಬೇಕು, ಬರುವುದು ನಿನ್ನ ಕರ್ತವ್ಯ" ಅನ್ನುವ ಭಾರ ಸೇರಿಕೊಳ್ಳುತ್ತದೆ. ಪಾರ್ಸೆಲ್ಲು, ಮಳೆ, ನೆಂಟರು ಇಂಥದಕ್ಕೆ ಧಾರಾಳವಾಗಿ ಬಳಸಿ. ಇನ್ನೊಬ್ಬರ ಉತ್ತರಕ್ಕೆ ಬೇಡ. ಜೊತೆಗೆ, ಹೆಂಗಸು ಬರೀ "ಐ ಆಮ್ ಎಕ್ಸ್‌ಪೆಕ್ಟಿಂಗ್" ಅಂದು ನಿಲ್ಲಿಸಿದರೆ ಬಸುರಿ ಅಂತ ಅರ್ಥ. ಇದನ್ನು ಮನಸ್ಸಿನಲ್ಲಿಟ್ಟುಕೊಳ್ಳಿ, ಐರಿಷ್‌ನಲ್ಲಿ ಮತ್ತೆ ಸಿಗುತ್ತದೆ.

"ಆಂಟಿಸಿಪೇಟ್" ನಮ್ಮ ಕಚೇರಿಗಳಲ್ಲಿ ತುಂಬಾ ಓಡುವ ಪದ. "ಮುಂಚೆಯೇ ಹಿಡಿದುಕೊಳ್ಳುವುದು" ಅನ್ನುವ ಅರ್ಥದ ಲ್ಯಾಟಿನ್ ಪದದಿಂದ ಬಂದದ್ದು. ಮುಂದೆ ಆಗುವುದನ್ನು ಮೊದಲೇ ಊಹಿಸಿ ಸಿದ್ಧವಾಗಿರುವುದು ಅದರ ಹುರುಳು. "ವಿ ಆಂಟಿಸಿಪೇಟ್ ಡಿಲೇಸ್" ಅಂದರೆ ತಡ ಆಗಬಹುದು, ತಯಾರಿರಿ ಅಂತ. ಅದರಲ್ಲಿ ಖುಷಿ ಇಲ್ಲ. "ಆಂಟಿಸಿಪೇಟಿಂಗ್ ಯುವರ್ ಪಾಸಿಟಿವ್ ರಿಪ್ಲೈ" ಅಂದರೆ "ನೀವು ಹೂಂ ಅಂತೀರಿ ಅಂತ ನಾನು ಆಗಲೇ ಲೆಕ್ಕ ಹಾಕಿದ್ದೇನೆ" ಅಂದ ಹಾಗೆ. ಇದನ್ನು ಬಿಟ್ಟುಬಿಡಿ.

"ಅವೇಟ್" ಮತ್ತು "ವೇಟ್ ಫಾರ್" ಒಂದೇ ಕೆಲಸ ಮಾಡುತ್ತವೆ, ಆದರೆ "ಅವೇಟ್" ಜೊತೆ "ಫಾರ್" ಬರುವುದಿಲ್ಲ. "ಅವೇಟಿಂಗ್ ಫಾರ್ ಯುವರ್ ರಿಪ್ಲೈ" ತಪ್ಪು. "ಐ ಅವೇಟ್ ಯುವರ್ ರಿಪ್ಲೈ" ಸರಿ, ಆದರೆ ಇಸ್ತ್ರಿ ಮಾಡಿದ ಗರಿಗರಿ ಮಾತು. ಬಂದರೂ ಬರಬಹುದು ಬರದೆಯೂ ಇರಬಹುದು ಅನ್ನುವಂಥದಕ್ಕೆ "ಐ ಹೋಪ್ ಟು ಹಿಯರ್ ಫ್ರಮ್ ಯೂ" ಹಗುರ. ಇಲ್ಲಿ "ಹಿಯರ್" ಅಂತಲೇ ಇದೆ ನೋಡಿ, "ಇಂಗ್" ಇಲ್ಲ.

ಈಗ ಐರಿಷ್

ಐರಿಷ್ ಯಾಕೆ ಬೇಕು, ಇಲ್ಲಿ ಎಲ್ಲರೂ ಇಂಗ್ಲಿಷ್ ಮಾತಾಡುತ್ತಾರಲ್ಲ ಅಂತ ಊರಿನವರು ಕೇಳುತ್ತಾರೆ. 1937ರ ಸಂವಿಧಾನದ ಪ್ರಕಾರ ಐರ್ಲೆಂಡಿನ ಮೊದಲ ಅಧಿಕೃತ ಭಾಷೆ ಐರಿಷ್. ಮಕ್ಕಳು ಚಿಕ್ಕ ತರಗತಿಯಿಂದಲೇ ಅದನ್ನು ಕಲಿಯುತ್ತಾರೆ. 2022ರ ಜನಗಣತಿಯಲ್ಲಿ ಸುಮಾರು 18.7 ಲಕ್ಷ ಜನ ತಮಗೆ ಐರಿಷ್ ಬರುತ್ತದೆ ಅಂದರು. ಶಾಲೆಯ ಹೊರಗೆ ದಿನಾ ಮಾತಾಡುವವರು ಸುಮಾರು 72 ಸಾವಿರ ಮಾತ್ರ. ಹೀಗಿರುವಾಗ ಬೇರೆ ದೇಶದಿಂದ ಬಂದ ಮನೆಯ ಮಗು ಕಾರ್ಡಿನಲ್ಲಿ ಒಂದು ಸಾಲು ಸರಿಯಾಗಿ ಐರಿಷ್ ಬರೆದರೆ ಅದಕ್ಕೊಂದು ಬೆಲೆ ಇದೆ. ಬೆಂಗಳೂರಿನಲ್ಲಿ ಹೊರಗಿನವರೊಬ್ಬರು ತಡವರಿಸಿಕೊಂಡಾದರೂ ಕನ್ನಡದಲ್ಲಿ ಮಾತಾಡಿದಾಗ ನಮಗೆ ಆಗುವ ಖುಷಿ ನೆನಪು ಮಾಡಿಕೊಳ್ಳಿ.

ಮೊದಲ ನಿಯಮ: "ಲುಕ್" ಮತ್ತು "ಫಾರ್ವರ್ಡ್" ಎರಡನ್ನೂ ಬಿಡಿಬಿಡಿಯಾಗಿ ನಿಘಂಟಿನಲ್ಲಿ ಹುಡುಕಬೇಡಿ. ಹಾಗೆ ಜೋಡಿಸಿದರೆ ಕತ್ತು ನೇರ ಮಾಡಿ ಮುಂದಕ್ಕೆ ನೋಡಿದ ಹಾಗಾಗುತ್ತದೆ, ಅಷ್ಟೇ. ಐರಿಷ್‌ನಲ್ಲಿ ಈ ಭಾವಕ್ಕೆ ಅದರದೇ ಮಾತುಗಳಿವೆ.

ಎಲ್ಲಕ್ಕಿಂತ ಹೆಚ್ಚು ಬಳಕೆಯಲ್ಲಿರುವುದು "ಅ ಸೂಲ್ ಲೆ". ಬರೆಯುವಾಗ ಮೊದಲ ಪದ "ಎ, ಜಿ", ಆದರೆ ಮುಂದೆ ವ್ಯಂಜನ ಬಂದರೆ ಮಾತಿನಲ್ಲಿ ಆ "ಜಿ" ಸಾಮಾನ್ಯವಾಗಿ ಬಿದ್ದುಹೋಗುತ್ತದೆ. "ಸೂಲ್" ಅಂದರೆ ಕಣ್ಣು. ಅದೇ ಪದಕ್ಕೆ ಆಸೆ, ನಿರೀಕ್ಷೆ ಅನ್ನುವ ಅರ್ಥವೂ ಇದೆ. ಇದು ಗೊತ್ತಾದ ದಿನ ನನಗೆ ಎಷ್ಟು ಸಂತೋಷ ಆಯಿತು ಅಂದರೆ, ಅಮ್ಮನಿಗೆ ಫೋನ್ ಮಾಡಿ ಹೇಳಿದೆ. ನಾವು ದಾರಿ ನೋಡುತ್ತೇವೆ, ಎದುರು ನೋಡುತ್ತೇವೆ, ಬಾಗಿಲ ಮೇಲೆ ಕಣ್ಣಿಟ್ಟು ಕೂರುತ್ತೇವೆ. ಅವರೂ ಕಣ್ಣಿನಿಂದಲೇ ಕಾಯುತ್ತಾರೆ.

"ತಾ ಮೇ ಅ ಸೂಲ್ ಲೆ ಕ್ಲಿಶ್ಟಾಲ್ ಉಅಟ್." ನಿಮ್ಮಿಂದ ಸುದ್ದಿ ಕೇಳುವುದನ್ನು ಎದುರು ನೋಡುತ್ತಿದ್ದೇನೆ. "ಕ್ಲಿಶ್ಟಾಲ್" ಅಂದರೆ ಕೇಳುವುದು, "ಉಅಟ್" ಅಂದರೆ ನಿನ್ನಿಂದ. "ಲೆ" ಆದಮೇಲೆ ಬರುವುದು ಕ್ರಿಯೆಯ ಹೆಸರಿನ ರೂಪ. ನಮ್ಮ "ವುದು" ಇದ್ದ ಹಾಗೆ, ಇಂಗ್ಲಿಷ್‌ನ "ಇಂಗ್" ಇದ್ದ ಹಾಗೆ. ಮೂರೂ ಭಾಷೆ ಒಂದೇ ಕಡೆ ಬಂದು ನಿಂತಿವೆ. ಇಂಗ್ಲಿಷ್‌ನಲ್ಲಿ "ಹಿಯರಿಂಗ್" ಸರಿಯಾಗಿ ಬರೆಯುವವರಿಗೆ ಐರಿಷ್‌ನ ಈ ಜಾಗ ತಾನಾಗಿ ಸರಿಹೋಗುತ್ತದೆ. ಇನ್ನೂ ಚಿಕ್ಕದು ಬೇಕಾದರೆ "ತಾ ಮೇ ಅ ಸೂಲ್ ಲೆ ಶ್ಕೇಲ ಉಅಟ್" ಅನ್ನಿ. "ಶ್ಕೇಲ" ಅಂದರೆ ಸುದ್ದಿ, ಸಮಾಚಾರ. ಉತ್ತರವೇ ಬೇಕಾದರೆ "ಶ್ಕೇಲ" ಜಾಗದಲ್ಲಿ "ಫ್ರ್ಯಾಗ್ರ".

ಇಂಗ್ಲಿಷ್‌ನ "ಐ ಲುಕ್", "ಐ ಆಮ್ ಲುಕಿಂಗ್" ವ್ಯತ್ಯಾಸ ಇಲ್ಲಿ ಉಳಿಯುವುದಿಲ್ಲ. ಎರಡಕ್ಕೂ "ತಾ ಮೇ ಅ ಸೂಲ್". ದಕ್ಷಿಣದ ಮನ್ಸ್ಟರ್ ಕಡೆಯವರು "ತಾ ಮೇ" ಎರಡನ್ನೂ ಕೂಡಿಸಿ "ತಾಮ್" ಅನ್ನುತ್ತಾರೆ. ಉತ್ತರದ ಅಲ್ಸ್ಟರ್‌ನಲ್ಲಿ "ಕ್ಲಿಶ್ಟಾಲ್" ಬದಲು "ಕ್ಲಿನ್‌ಶ್ಟಿನ್" ಕೇಳಿಸುತ್ತದೆ. ಧಾರವಾಡ, ಮಂಗಳೂರು, ಮೈಸೂರು ಕನ್ನಡ ಇರುವ ಹಾಗೆ. ಮಗುವಿನ ಟೀಚರ್ ಯಾವುದನ್ನು ಬಳಸುತ್ತಾರೋ ಅದನ್ನೇ ಹಿಡಿಯಿರಿ, ಬೆರೆಸಬೇಡಿ.

"ತಾ"ದ "ತ" ನಮ್ಮ "ತ"ನೇ, ನಾಲಗೆ ಹಲ್ಲಿಗೆ ತಾಗುವ "ತ". ಇಂಗ್ಲಿಷ್ ಮಾತ್ರ ಬರುವ ಮಕ್ಕಳು ಅಲ್ಲಿ "ಟ" ಅನ್ನುತ್ತಾರೆ. ನಮ್ಮ ಮಕ್ಕಳಿಗೆ ಇದು ಪುಕ್ಕಟೆಯಾಗಿ ಸಿಕ್ಕ ಲಾಭ.

ಇನ್ನು ಆ ಒಂದು ಅಕ್ಷರ. "ಸೂಲ್" ಬರೆಯುವುದು ಎಸ್, ಯು, ಐ, ಎಲ್ ಅಂತ. "ಯು" ಮೇಲೆ ಓರೆಯಾದ ಗೆರೆ ಇರುತ್ತದೆ. ಆ ಗೆರೆಯ ಹೆಸರು "ಫದ", ಅಂದರೆ ಉದ್ದ. ನಮ್ಮ ದೀರ್ಘದ ಕೆಲಸವನ್ನೇ ಅದು ಮಾಡುತ್ತದೆ. "ಐ" ಸ್ವಲ್ಪ ಮುಂದೆ ಜರುಗಿ ಎಸ್, ಐ, ಯು, ಎಲ್ ಆದರೆ "ಶೂಲ್" ಆಗುತ್ತದೆ. ಶೂಲ್ ಅಂದರೆ ನಡೆಯುವುದು. "ಎಸ್" ಪಕ್ಕದಲ್ಲಿ "ಇ" ಅಥವಾ "ಐ" ಕೂತರೆ ಅದು ಸಾಮಾನ್ಯವಾಗಿ "ಶ" ಆಗುತ್ತದೆ, "ಎ", "ಒ", "ಯು" ಕೂತರೆ "ಸ". "ಅ ಸೂಲ್ ಲ್ಯಾತ್" ಅಂದರೆ ನಿನ್ನನ್ನು ಎದುರು ನೋಡುತ್ತಾ. "ಅ ಶೂಲ್ ಲ್ಯಾತ್" ಅಂದರೆ ನಿನ್ನ ಜೊತೆ ನಡೆಯುತ್ತಾ. ಮಗಳ ಕಾರ್ಡಿನಲ್ಲಿ ಆಗಿದ್ದು ಇದೇ. ಇಲ್ಲೇ ಹುಟ್ಟಿದವರೂ ಬರೆಯುವಾಗ ಇಲ್ಲಿ ಎಡವುತ್ತಾರೆ. ಬಾಯಲ್ಲಿ "ಸ", "ಶ" ಬೇರೆಬೇರೆಯಾಗಿ ಹೇಳುವ ರೂಢಿ ಇದ್ದರೆ ಕೈಯೂ ಸರಿಯಾಗಿ ಬರೆಯುತ್ತದೆ.

ಇನ್ನೊಂದು ಕಡೆ ನಮ್ಮ ಮರ್ಯಾದೆಯೇ ನಮ್ಮನ್ನು ದಾರಿ ತಪ್ಪಿಸುತ್ತದೆ. ಟೀಚರ್‌ಗೆ, ಡಾಕ್ಟರ್‌ಗೆ "ನೀವು" ಅನ್ನುವವರು ನಾವು. ಐರಿಷ್‌ನಲ್ಲಿ "ಉಅಟ್" ಒಬ್ಬರಿಗೆ, "ಉಅವ್" ಒಬ್ಬರಿಗಿಂತ ಹೆಚ್ಚು ಜನರಿಗೆ. ಇವತ್ತಿನ ಐರಿಷ್‌ನಲ್ಲಿ ಗೌರವಕ್ಕೆ ಅಂತ ಬಹುವಚನ ಬಳಸುವುದಿಲ್ಲ. ಹೆಡ್‌ಮಿಸ್ಟ್ರೆಸ್ ಒಬ್ಬರಿಗೇ ಬರೆಯುತ್ತಿದ್ದರೂ "ಉಅಟ್" ಅಂತಲೇ ಬರೆಯಿರಿ. ಗೌರವ ತೋರಿಸಲು ಪತ್ರದ ಆರಂಭ, ಕೊನೆ ಇವೆ. ಶುರುವಿನಲ್ಲಿ "ಅ ಖರ", ಅಂದರೆ ಸ್ನೇಹಿತರೇ. ಕೊನೆಯಲ್ಲಿ "ಇಸ್ ಮಿಶೆ ಲೆ ಮ್ಯಾಸ್", ಅಂದರೆ ಗೌರವದಿಂದ, ನಾನು. ಇಂಗ್ಲಿಷ್‌ನಲ್ಲಿ ಬರೆದ ಕಚೇರಿ ಪತ್ರಕ್ಕೂ ಇಲ್ಲಿ ಕೆಲವರು ಈ ಎರಡನ್ನು ಹಾಕುತ್ತಾರೆ.

ಸೂಲ್ ಬೇಕಾ, ತ್ನೂ ಬೇಕಾ?

"ಅ ತ್ನೂ ಲೆ" ಇನ್ನೊಂದು ದೊಡ್ಡ ಆಯ್ಕೆ. ಕನ್ನಡದ "ಹಂಬಲ" ಇದರ ಹತ್ತಿರದ ನೆಂಟ. ನಿಘಂಟಿನಲ್ಲಿ "ತ್ನೂ"ಗೆ ಹೊಟ್ಟೆಕಿಚ್ಚು ಅನ್ನುವ ಅರ್ಥವೂ ಇದೆ. ಇನ್ನೊಬ್ಬರ ಹತ್ತಿರ ಇರುವುದು ಬೇಕು ಅನ್ನುವ ಸಂಕಟ, ಬರಲಿರುವುದು ಬೇಗ ಬರಲಿ ಅನ್ನುವ ತುಡಿತ, ಎರಡೂ ಆಸೆಯೇ ಅಲ್ವಾ. "ಅ ತ್ನೂ ಲೆ" ಅಂದಾಗ ಮಾತ್ರ ಹೊಟ್ಟೆಕಿಚ್ಚಿನ ನೆರಳು ಇರುವುದಿಲ್ಲ, ಧೈರ್ಯವಾಗಿ ಬಳಸಿ.

ಎರಡಕ್ಕೂ ಇರುವ ವ್ಯತ್ಯಾಸ ಮಳೆಯಿಂದ ಗೊತ್ತಾಗುತ್ತದೆ. "ತಾಹರ್ ಅ ಸೂಲ್ ಲೆ ಬಾಶ್ಟ್ಯಖ್" ಅಂದರೆ ಮಳೆ ಬರುವ ನಿರೀಕ್ಷೆ ಇದೆ. ಇದು ಹವಾಮಾನದ ವರದಿ, ಖುಷಿಯೂ ಇಲ್ಲ ಬೇಸರವೂ ಇಲ್ಲ. ಅದೇ "ಅ ತ್ನೂ ಲೆ ಬಾಶ್ಟ್ಯಖ್" ಅಂದರೆ ಮಳೆಗಾಗಿ ಹಾತೊರೆಯುವುದು. ವರ್ಷವಿಡೀ ನೆನೆಯುವ ಐರ್ಲೆಂಡಿನಲ್ಲಿ ಅದು ವಿಚಿತ್ರ ಮಾತು. ಚಿತ್ರದುರ್ಗದಲ್ಲಿ ಬಿತ್ತನೆಗೆ ಹೊಲ ಹದ ಮಾಡಿಟ್ಟುಕೊಂಡು ಆಕಾಶ ನೋಡುವ ರೈತನ ಬಾಯಲ್ಲಾದರೆ "ತ್ನೂ"ವೇ ಸರಿಯಾದ ಪದ.

ಹಾಗಾಗಿ "ಸೂಲ್ ಲೆ" ಎರಡು ಕೆಲಸ ಮಾಡುತ್ತದೆ: ಎಕ್ಸ್‌ಪೆಕ್ಟ್ ಕೂಡ ಹೌದು, ಲುಕ್ ಫಾರ್ವರ್ಡ್ ಕೂಡ ಹೌದು. "ತಾ ಶೀ ಅ ಸೂಲ್ ಲೆ ಲ್ಯಾನವ್" ಅಂದರೆ ಅವಳು ಬಸುರಿ, ಅಕ್ಷರಕ್ಕೆ ಅಕ್ಷರ ಹೇಳಿದರೆ ಮಗುವನ್ನು ಎದುರು ನೋಡುತ್ತಿದ್ದಾಳೆ. ಸಂತೋಷವನ್ನು ಒತ್ತಿ ಹೇಳಬೇಕಾದರೆ ನಡುವೆ "ಗೊ ಮೋರ್" ಸೇರಿಸಿ: "ಅ ಸೂಲ್ ಗೊ ಮೋರ್ ಲೆ". ತುಂಬಾ ಎದುರು ನೋಡುತ್ತಿದ್ದೇನೆ ಅಂತ. ಮದುವೆ ಕರೆಯೋಲೆಗೆ ಉತ್ತರ, ಊರಿನಿಂದ ಬರುವ ಗೆಳತಿ, ಹಬ್ಬ, ಇಂಥದಕ್ಕೆ ನಾನು "ತ್ನೂ" ಆರಿಸುತ್ತೇನೆ. "ತಾ ಮೇ ಅ ತ್ನೂ ಗೊ ಮೋರ್ ಲೆ ಬುಅಲ ಲ್ಯಾತ್", ನಿನ್ನನ್ನು ಭೇಟಿಯಾಗುವುದಕ್ಕೆ ಹಾತೊರೆಯುತ್ತಿದ್ದೇನೆ. ಬ್ಯಾಂಕಿಗೆ, ಕೌನ್ಸಿಲ್‌ಗೆ, ಕೆಲಸದ ಅರ್ಜಿಗೆ "ಸೂಲ್" ಸಾಕು. ಸಾಲ ಕೇಳುವ ಪತ್ರದಲ್ಲಿ ಹಂಬಲ ಯಾಕೆ?

ಅಲ್ಸ್ಟರ್‌ನ ಡೊನೆಗಾಲ್ ಕಡೆ "ಅ ಡ್ರೇಮ್ ಲೆ" ಅನ್ನುವುದೂ ಉಂಟು. "ಡ್ರೇಮ್" ಅಂದರೆ ಹತ್ತುವುದು, ಏಣಿಗೆ "ಡ್ರೇಮಿರ್ಯ" ಅನ್ನುತ್ತಾರೆ. ಕೇಳಿದರೆ ಅರ್ಥವಾಗಲಿ ಅಂತ ಹೇಳಿದೆ. ಆ ಕಡೆ ಇರದವರು ಬರೆಯಬೇಕಾಗಿಲ್ಲ.

ಬರೀ ಕಾಯುವುದಾದರೆ "ಅ ಫನಖ್ತ್ ಲೆ". ಬಸ್ಸಿಗೆ, ಕ್ಯೂನಲ್ಲಿ, ರಿಪೋರ್ಟಿಗೆ. "ಅ ಫೆಹವ್ ಲೆ" ಅಂದರೂ ಅದೇ, ಸ್ವಲ್ಪ ಬರವಣಿಗೆಯ ಭಾಷೆ. ಕಾಯುವ ಕೋಣೆಗೆ "ಶೋಮ್ರ ಫೆಹಿವ್" ಅನ್ನುತ್ತಾರೆ. ಇವೆರಡರಲ್ಲೂ ಸಂತೋಷದ ಸುಳಿವಿಲ್ಲ. ಹಾಗಾಗಿ "ಲುಕಿಂಗ್ ಫಾರ್ವರ್ಡ್"ಗೆ ಇವನ್ನು ಹಾಕಬೇಡಿ. ಪತ್ರ ತಡವಾಗಿದೆ ಅಂತ ದೂರಿದ ಹಾಗಾಗುತ್ತದೆ.

"ಹೋಪ್"ಗೆ "ತಾ ಸೂಲ್ ಅಗಮ್". "ಅಗಮ್" ಅಂದರೆ ನನ್ನ ಹತ್ತಿರ. ಐರಿಷ್‌ನಲ್ಲಿ ಇಂಗ್ಲಿಷ್‌ನ "ಹ್ಯಾವ್"ನಂಥ ಕ್ರಿಯಾಪದವೇ ಇಲ್ಲ. ನನ್ನ ಹತ್ತಿರ ಆಸೆ ಇದೆ, ನನ್ನ ಹತ್ತಿರ ಪುಸ್ತಕ ಇದೆ, ಹೀಗೇ ಹೇಳುವುದು. ಇಂಗ್ಲಿಷರಿಗೆ ಇದು ಹೊಸದು. ನಮಗೆ ಹೊಸದೇ ಅಲ್ಲ. "ತಾ ಸೂಲ್ ಅಗಮ್ ಗೊ ಮೆಯ್ ತೂ ಆನ್", ನೀನು ಅಲ್ಲಿರುತ್ತೀಯ ಅಂತ ನನಗೆ ಆಸೆ ಇದೆ. ಪದಗಳ ಕ್ರಮ ಬೇರೆ, ಯೋಚನೆ ನಮ್ಮದೇ.

ಇದೆಲ್ಲದರಲ್ಲಿ ನನಗೆ ಅತಿ ಪ್ರಿಯವಾದದ್ದು "ಇಸ್ ಫದ ಲ್ಯುಮ್ ಗೊ". "ಫದ" ಅದೇ, ದೀರ್ಘದ ಗೆರೆಯ ಹೆಸರು. "ಅಲ್ಲಿಯವರೆಗಿನ ಕಾಲ ನನಗೆ ಉದ್ದ ಅನ್ನಿಸುತ್ತದೆ" ಅಂತ ಹೇಳಿದ ಹಾಗೆ. "ಇಸ್ ಫದ ಲ್ಯುಮ್ ಗೊ ವೆಕಿ ಮೇ ಅರೀಶ್ ಹೂ." ನಿನ್ನನ್ನು ಮತ್ತೆ ನೋಡುವ ತನಕ ದಿನ ಹೋಗುವುದೇ ಇಲ್ಲ. ಇಂಗ್ಲಿಷ್‌ನ "ಕಾಂಟ್ ವೇಟ್"ಗೆ ಇದು ಹೊಂದುತ್ತದೆ, ಆದರೆ ಇದರಲ್ಲಿ ಅವಸರ ಕಡಿಮೆ, ನೋವು ಜಾಸ್ತಿ. ಆಪ್ತರಿಗೆ ಮಾತ್ರ ಬರೆಯಿರಿ.

ಒಂದು ಸಣ್ಣ ವಿಷಯ ಉಳಿಯಿತು. "ಲೆ" ಆದಮೇಲೆ ಸ್ವರದಿಂದ ಶುರುವಾಗುವ ಪದ ಬಂದರೆ ನಡುವೆ "ಹ" ಸೇರುತ್ತದೆ. ಆನ್ಯ ಅನ್ನುವ ಹುಡುಗಿಯನ್ನು ಎದುರು ನೋಡುವುದಾದರೆ "ಲೆ ಹಾನ್ಯ". ನೀನು, ಅವನು, ಅವಳು ಬಂದರೆ "ಲೆ" ಪದದೊಳಗೇ ಕರಗುತ್ತದೆ: ಲ್ಯಾತ್, ಲೆಶ್, ಲೇ. ನಮ್ಮ ವಿಭಕ್ತಿ ಪ್ರತ್ಯಯ ಅಂಟಿಕೊಳ್ಳುವ ಹಾಗೆ. ಉಚ್ಚಾರಣೆ ಕೇಳಬೇಕಾದರೆ "ಟ್ಯಾಂಗ್ಲನ್" ಅನ್ನುವ ನಿಘಂಟು ತಾಣ ಇದೆ, ಮೂರು ಉಪಭಾಷೆಗಳಲ್ಲೂ ಧ್ವನಿ ಸಿಗುತ್ತದೆ. ಕಾರ್ಡಿಗೆ ಬರೆಯುವ ಮುಂಚೆ ಒಮ್ಮೆ ಅಲ್ಲಿ ನೋಡಿ. ಕೈ ಮೇಲೆ ಹಚ್ಚೆ ಹಾಕಿಸುವುದಾದರೆ ಮಾತ್ರ ತಾಣ ಸಾಲದು, ಐರಿಷ್ ಮಾತಾಡುವ ಇಬ್ಬರಿಗಾದರೂ ತೋರಿಸಿ.

ಆ ದಿನ ಬೆಳಗ್ಗೆ ಅಜ್ಜಿ ಪೆನ್ನು ತರಿಸಲಿಲ್ಲ. ಮಗಳೇ ಬ್ಯಾಗಿನಿಂದ ಹೊಸ ಕಾರ್ಡ್ ತೆಗೆದು, ಅವರ ಮನೆಯ ಮೆಟ್ಟಿಲ ಮೇಲೆ ಕೂತು ಮೊದಲಿನಿಂದ ಬರೆದಳು. ಎಸ್. ಯು, ಅದರ ಮೇಲೆ ಗೆರೆ. ಆಮೇಲೆ ಐ. ಆಮೇಲೆ ಎಲ್. "ತಾ ಮೇ ಅ ಸೂಲ್ ಗೊ ಮೋರ್ ಲೆ ತೂ ಅ ಎಕಾಲ್ ಅರೀಶ್." ಅಜ್ಜಿ ಜೋರಾಗಿ ಓದಿ, ಕಾರ್ಡನ್ನು ಲಕೋಟೆಯೊಳಗೆ ಹಾಕಿ ಕೊಟ್ಟರು.